ಒಂದೇ ಹದಕ್ಕೆ ಬೇಯದ ಅಕ್ಕಿ

ಹೈಸ್ಕೂಲಿಗೆ ಸೇರಿದ ವರ್ಷದಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ಯಾವ ದಿನ ರೈಲು ತಡವಾಯಿತು, ಯಾವ ಭಾನುವಾರ ಚರ್ಚಿಗೆ ಹೋಗಲಾಗಲಿಲ್ಲ, ಯಾವ ತಿಂಗಳು ಅಮ್ಮನ ಸಕ್ಕರೆ ಏರಿತ್ತು ಎಂದು ಕೇಳಿದರೆ ಹುಡುಕಿ ಹೇಳಬಲ್ಲೆ. ಅದಕ್ಕೂ ಹಿಂದಿನ ವರ್ಷಗಳಿಗೆ ನನ್ನಲ್ಲಿ ತಾರೀಖುಗಳಿಲ್ಲ. ತಾರೀಖಿಲ್ಲದ್ದನ್ನು ಬರೆಯಲು ನನ್ನ ಕೈ ಹಿಂಜರಿಯುತ್ತದೆ. ಆದರೂ ಬರೆಯುತ್ತಿದ್ದೇನೆ, ಒಂದು ಮಗು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬಂದಿರುವುದರಿಂದ. ಈಗ ನಾವಿರುವುದು ಬಂಗಾರಪೇಟೆಯಲ್ಲಿ. ಬೆಳಗಿನ ರೈಲು ಹಿಡಿದು ಬೆಂಗಳೂರಿನ ಒಂದು ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಗೆ ಹೋಗುತ್ತೇನೆ, ದಿನವಿಡೀ ನಿಂತು ಕೆಲಸ ಮಾಡಿ ಸಂಜೆಯ ರೈಲಿಗೆ ಹಿಂದಿರುಗುತ್ತೇನೆ. ಬರುವಾಗ ಸೀಟು ಸಿಕ್ಕಿದರೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಬೇಕು ಎಂದುಕೊಳ್ಳುತ್ತೇನೆ. ಮಾಲೂರು ಬರುವುದರೊಳಗೆ ನಿದ್ದೆ ಬಂದಿರುತ್ತದೆ. ಹೀಗಿರುವವಳಿಗೆ ಮೊನ್ನೆ ಚರ್ಚಿನ ಭಾನುವಾರ ಶಾಲೆಯ ಮಕ್ಕಳಿಗೆ ಪಾಠ ಹೇಳುವ ಸರದಿ ಬಂತು. ದೇವರ ಪ್ರೀತಿಯ ಬಗ್ಗೆ ಪಾಠ. ಎರಡು ಜಡೆಯ ಒಬ್ಬ ಹುಡುಗಿ ಕೈ ಎತ್ತಿದಳು.

"ಅಕ್ಕಾ, ದೇವರು ನಿಮ್ಮನ್ನ ಪ್ರೀತಿಸ್ತಾನೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ನಾನು ಗಡಿಯಾರ ನೋಡಿ, ಹೊತ್ತಾಯಿತೆಂದು ಮಕ್ಕಳಿಂದ ಹಾಡು ಶುರು ಮಾಡಿಸಿದೆ. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಅದು ಗಂಟೆ ಹೊಡೆಯುವುದರೊಳಗೆ ಹೇಳಿ ಮುಗಿಸುವಂಥದ್ದಾಗಿರಲಿಲ್ಲ.

ನಾವು ಆಗ ಚಿನ್ನದ ಗಣಿಯ ಊರಿನಲ್ಲಿ, ಮೈಸೂರು ಮೈನ್ಸಿನ ಕಾರ್ಮಿಕರ ಲೈನು ಮನೆಯಲ್ಲಿದ್ದೆವು. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನಲ್ಲಿ ನಮ್ಮದು ಕೊನೆಯಿಂದ ಎರಡನೆಯದು. ಮುಂದಿನ ಕೋಣೆಯಲ್ಲಿ ಅಪ್ಪನ ಮಂಚ, ಮಂಚದ ಕೆಳಗೆ ಟ್ರಂಕು, ಗೋಡೆಯ ಮೇಲೆ ಮುಳ್ಳಿನ ಕಿರೀಟದ ಒಂದು ಪಟ. ಹಿಂದೆ ಅಡುಗೆಮನೆ. ಅಲ್ಲಿ ಅಮ್ಮ ಕುಳಿತರೆ ಇನ್ನೊಬ್ಬರು ನಿಂತೇ ಇರಬೇಕು. ಮೇಲೆ ತಗಡು. ಪಕ್ಕದ ಮನೆಯಲ್ಲಿ ಕೆಮ್ಮಿದರೆ ನಮ್ಮ ಮನೆಯಲ್ಲಿ ಯಾರಾದರೂ ನೀರು ಕುಡಿಯಿರಿ ಎನ್ನುತ್ತಿದ್ದರು. ಗಣಿಯಿಂದ ಎತ್ತಿ ಸುರಿದ ಬೂದುಬಣ್ಣದ ಪುಡಿಯ ಗುಡ್ಡ ನಮ್ಮ ಲೈನಿನ ಹಿಂದೆಯೇ ಇತ್ತು. ಗಾಳಿ ಎದ್ದ ದಿನ ಅದು ಮನೆಯೊಳಗೆ ಬರುತ್ತಿತ್ತು. ತಟ್ಟೆ, ಹಾಸಿಗೆ, ಪಟದ ಗಾಜು, ಎಲ್ಲದರ ಮೇಲೂ ಕೂರುತ್ತಿತ್ತು. ಗಣಿ ನಿಂತುಹೋಗಿತ್ತು, ಆದರೆ ಅದರ ಧೂಳು ಒರೆಸುವ ಕೆಲಸ ನಿಂತಿರಲಿಲ್ಲ. ಅಮ್ಮ ದಿನಕ್ಕೆ ಎರಡು ಸಲ ಒರೆಸುತ್ತಿದ್ದಳು. ನಾನು ಶಾಲೆಯಿಂದ ಬಂದು ಒಂದು ಸಲ ಒರೆಸುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ಚಾಪೆ ಹಾಸಿ ಮನೆಯವರೆಲ್ಲ ಪ್ರಾರ್ಥನೆಗೆ ಕೂರುತ್ತಿದ್ದೆವು: ಅಪ್ಪ, ಅಮ್ಮ, ನಾನು, ಅಮ್ಮನ ತೊಡೆಯ ಮೇಲೆ ತಮ್ಮ ಸ್ಯಾಮಿ. ಅಮ್ಮ ಪ್ರಾರ್ಥನೆಯಲ್ಲಿ ತನಗಾಗಿ ಏನನ್ನೂ ಕೇಳುತ್ತಿರಲಿಲ್ಲ. 'ಪರಲೋಕದ ತಂದೆಯೇ' ಎಂದು ಶುರುವಾಗುವ ಪ್ರಾರ್ಥನೆಯಲ್ಲಿ ದಿನದ ಅನ್ನ ಕೇಳುವ ಸಾಲು ಬಂದಾಗ ಅವಳ ದನಿ ತಗ್ಗುತ್ತಿತ್ತು, ಪಕ್ಕದ ಮನೆಯವರಿಗೆ ಕೇಳಬಾರದೆಂಬಂತೆ.

ನಮ್ಮ ಚರ್ಚಿನ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು, ಈಗಲೂ ಅಲ್ಲಲ್ಲಿ ಇದೆ. ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮುಂಚೆ, ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುವುದು. ಭಾನುವಾರ ಡಬ್ಬವನ್ನು ಒಯ್ದು ಚರ್ಚಿನ ಹಿಂದಿನ ಕೋಣೆಯ ಮೂಟೆಗೆ ಸುರಿಯುವುದು. ಹಿಡಿ ಅಕ್ಕಿ ಎಂದು ಅದರ ಹೆಸರು. ಯಾರ ಮನೆಯಲ್ಲಾದರೂ ಕಾಯಿಲೆಯೋ ಸಾವೋ ಕೆಲಸವಿಲ್ಲದ ಗಂಡಸೋ ಇದ್ದರೆ ಆ ಮೂಟೆಯಿಂದ ಅಳೆದು ಕೊಡುತ್ತಿದ್ದರು. ತೆಗೆದಿಡುವ ಅಳತೆ ಸೌಟಿನದಲ್ಲ, ಸೇರಿನದಲ್ಲ, ಅವರವರ ಕೈಯದು. ಅಮ್ಮನ ಹಿಡಿ ದೊಡ್ಡದು. ಮನೆಯಲ್ಲಿ ಎಷ್ಟು ಕಡಿಮೆ ಅಕ್ಕಿ ಇದ್ದರೂ ಅವಳು ಬೆರಳು ಬಿಗಿಮಾಡುತ್ತಿರಲಿಲ್ಲ. ಎರಡೂ ಹೊತ್ತು ರಾಗಿಮುದ್ದೆ ಮಾಡಿ ಅನ್ನ ಇಡದ ದಿನ ಕೂಡ ಅಕ್ಕಿ ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದಿಡುತ್ತಿದ್ದಳು. ಅದು ಪದ್ಧತಿಯಲ್ಲಿ ಇರಲಿಲ್ಲ. ಅಮ್ಮನೇ ಸೇರಿಸಿಕೊಂಡದ್ದು.

ಅದಕ್ಕೆ ಕಾರಣ ನನಗೆ ತಿಳಿದದ್ದು ಕೇಳಿಸಿಕೊಂಡ ಜಗಳಗಳಿಂದ. ಅಮ್ಮ ಹುಟ್ಟಿದ್ದು ಕಾಮಸಮುದ್ರದ ಕಡೆಯ ಹಳ್ಳಿಯಲ್ಲಿ, ಹೊಲ ಹಸು ಇದ್ದ ಹಿಂದೂ ಮನೆಯಲ್ಲಿ. ಅಲ್ಲಿ ಅವಳ ಹೆಸರು ನಾಗಮ್ಮ. ಮೊಸರು ಮಾರಲು ಬುಟ್ಟಿ ಹೊತ್ತು ಲೈನುಗಳಿಗೆ ಬರುತ್ತಿದ್ದಳು. ಅಪ್ಪ ಗಣಿಯಲ್ಲಿ ಕೆಲಸಕ್ಕಿದ್ದ ಕ್ರೈಸ್ತ ಹುಡುಗ. ಮೊಸರು ಬೇಕಿಲ್ಲದ ದಿನವೂ ಕೊಳ್ಳುತ್ತಿದ್ದ. ಮದುವೆಯಾಯಿತು, ದೀಕ್ಷಾಸ್ನಾನವಾಯಿತು, ಅಮ್ಮ ಮಾರ್ತಮ್ಮನಾದಳು. ಆಗ ಅವಳ ಅಣ್ಣ ಊರ ನಡುವೆ ನಿಂತು ಒಂದು ಮಾತು ಆಡಿದನಂತೆ. ಚರ್ಚಿನಲ್ಲಿ ಅಕ್ಕಿ, ಹಾಲುಪುಡಿ ಸಿಗುತ್ತದೆಂದು ಕುಲ ಬಿಟ್ಟು ಹೋದಳು ಎಂದು. ಅಮ್ಮ ಅಂದು ಉತ್ತರ ಕೊಡಲಿಲ್ಲ. ಉತ್ತರವನ್ನು ಆಮೇಲೆ ದಿನಾ ಒಂದೊಂದು ಹಿಡಿಯಾಗಿ ಕೊಡುತ್ತಿದ್ದಳು. ಚರ್ಚಿಗೆ ತಾನು ಕೊಡುವವಳೇ ಹೊರತು ತೆಗೆದುಕೊಳ್ಳುವವಳಲ್ಲ ಎಂದು ಅವಳು ತನ್ನೊಳಗೇ ನಿಶ್ಚಯಿಸಿಕೊಂಡಿದ್ದಳು. ಕ್ರಿಸ್ಮಸ್ಸಿಗೆ ಮಕ್ಕಳಿಗೆಲ್ಲ ಹಂಚುವ ಕೇಕಿನ ತುಂಡನ್ನು ಕೂಡ ನಾವು ಕೈಚಾಚಿ ತೆಗೆದುಕೊಳ್ಳಬಾರದಿತ್ತು. ಕೊಟ್ಟವರು ಎರಡು ಸಲ ಹೇಳಬೇಕು.

ಗಣಿ ನಿಂತ ಮೇಲೆ ಅಪ್ಪ ನಮ್ಮೂರಿನ ಎಲ್ಲ ಗಂಡಸರಂತೆ ಮಾರಿಕುಪ್ಪಂ ರೈಲು ಹತ್ತಿದ. ಬೆಂಗಳೂರಿನ ಒಂದು ಗೋದಾಮಿನಲ್ಲಿ ಮೂಟೆ ಇಳಿಸುವ ಕೆಲಸ. ನಾವು ಏಳುವ ಮುಂಚೆ ಹೋಗುತ್ತಿದ್ದ, ಬಂದಾಗ ಊಟಕ್ಕೆ ಕುಳಿತಲ್ಲೇ ತೂಕಡಿಸುತ್ತಿದ್ದ. ಒಂದು ದಿನ ಲಾರಿಯಿಂದ ಮೂಟೆಯ ಸಮೇತ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಸೊಂಟದವರೆಗೆ ಹಾಕಿದ ಪಟ್ಟಿಯೊಂದಿಗೆ ಅವನನ್ನು ಮಂಚದ ಮೇಲೆ ಮಲಗಿಸಿ ಹೋದರು. ದಿನಗೂಲಿ ಕೆಲಸ; ಹೋಗದ ದಿನಕ್ಕೆ ಕೂಲಿಯಿಲ್ಲ. ಅದರ ಬೆನ್ನಿಗೇ ಸ್ಯಾಮಿಗೆ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಅವನ ಗಂಟಲಲ್ಲಿ ಮುದ್ದೆ ಇಳಿಯಲಿಲ್ಲ. ಬಾಯಿ ತೆರೆದರೆ ಅನ್ನ ಅನ್ನ ಎನ್ನುತ್ತಿದ್ದ. ಅಮ್ಮನ ಅಕ್ಕಿ ಡಬ್ಬದಲ್ಲಿ ಕೈ ಹಾಕಿದರೆ ಉಗುರಿಗೆ ತಗಡು ತಗಲುತ್ತಿತ್ತು.

ಆಗ ಅವ್ವ ಬಂದಳು. ಅಮ್ಮನ ತಾಯಿಯನ್ನು ನಾವು ಅವ್ವ ಎನ್ನುತ್ತಿದ್ದೆವು. ಮಗನಿಗೆ ಬಂಗಾರಪೇಟೆಯ ಸಂತೆಗೆ ಹೋಗಿಬರುತ್ತೇನೆಂದು ಹೇಳಿ ಬಸ್ಸು ಹತ್ತುತ್ತಿದ್ದಳು. ಕೈಚೀಲದಲ್ಲಿ ರಾಗಿಹಿಟ್ಟು, ಹುಣಸೆಹಣ್ಣು, ಅವರೆಕಾಯಿ. ಹಣೆಯಲ್ಲಿ ಕಾಸಗಲದ ಕುಂಕುಮ. ಅಮ್ಮನನ್ನು ಅವಳು ಕೊನೆಯವರೆಗೂ ನಾಗಿ ಎಂದೇ ಕರೆದಳು. ಅಳಿಯನ ಕಾಲು ನೋಡಿ, ಮೊಮ್ಮಗನ ಮುಖ ನೋಡಿ, ಸಂತೆಯ ಮಾತು ಮರೆತು ಉಳಿದುಕೊಂಡಳು. ಮರುದಿನ ಅಮ್ಮ ನೀರಿಗೆ ಹೋಗಿದ್ದಾಗ ಅಡುಗೆಮನೆಯೆಲ್ಲ ತಡಕಾಡಿ, ಮೂಲೆಯಲ್ಲಿದ್ದ ಹಿಡಿ ಅಕ್ಕಿಯ ಡಬ್ಬ ತೆಗೆದು, ಅಷ್ಟನ್ನೂ ಪಾತ್ರೆಗೆ ಸುರಿದು ನೀರು ಹಾಕಿ ನೆನೆಯಲು ಇಟ್ಟಳು. ಕೊಡ ಇಳಿಸಿದ ಅಮ್ಮ ನೋಡಿದಳು.

"ಏನವ್ವಾ ಮಾಡ್ದೆ ನೀನು? ಅದು ದೇವರಕ್ಕಿ!"

"ದೇವ್ರು ಉಣ್ಣಲ್ಲ ಕಣೇ. ಮೊಮ್ಮಗ ಉಣ್ತಾನೆ."

"ಎತ್ತಿಟ್ಟಿದ್ದನ್ನ ಮುಟ್ಟಬಾರ್ದು."

"ನಮ್ಮೂರಾಗೆ ದೇವ್ರಿಗೆ ಎಡೆ ಇಕ್ತೀವಿ, ಕೈ ಮುಗೀತೀವಿ, ಆಮ್ಯಾಕೆ ನಾವೇ ಕೂತ್ಕೊಂಡು ಉಣ್ತೀವಿ. ನಿಮ್ಮೋನು ಎಡೇನೂ ಎತ್ಕೊಂಡು ಓಗ್ತಾನಾ? ಇದ್ಯಾವ ಸೀಮೆ ದೇವ್ರಮ್ಮಾ!"

ಮುಂದಿನ ಕೋಣೆಯಲ್ಲಿ ಅಪ್ಪ ನಕ್ಕ. ನಕ್ಕದ್ದಕ್ಕೆ ಕಾಲು ನೋಯಿತು, ನರಳಿದ. ಅಮ್ಮ ಯಾರ ಕಡೆಯೂ ನೋಡಲಿಲ್ಲ. ನೀರು ಬಸಿದು, ನೆನೆದ ಅಕ್ಕಿಯನ್ನು ಬಿಳಿ ಪಂಚೆಯ ಮೇಲೆ ಹರಡಿ ಅಂಗಳದಲ್ಲಿ ಒಣಗಿಸಿದಳು. ಗುಬ್ಬಿ ಬಾರದಂತೆ ಕಾಯಲು ನನ್ನನ್ನು ಕೂರಿಸಿದಳು. ಗುಡ್ಡದ ಕಡೆಯಿಂದ ಗಾಳಿ ಎದ್ದಾಗಲೆಲ್ಲ ಬಂದು ಪಂಚೆಯ ಅಂಚು ಮಡಿಸಿ ಮುಚ್ಚುತ್ತಿದ್ದಳು. ಸಂಜೆಗೆ ಅಕ್ಕಿ ಒಣಗಿತು, ಆದರೆ ಒಂದು ಮುಗ್ಗಲು ವಾಸನೆ ಬಂದಿತ್ತು. ಅದನ್ನೇ ಡಬ್ಬಕ್ಕೆ ತುಂಬಿದಳು. ಒಳಗೆ ಸ್ಯಾಮಿ ಅಳುತ್ತಿದ್ದ. ಅವ್ವ ಅವನಿಗೆ ಅಂಬಲಿ ಕುಡಿಸುತ್ತ, ಎಲ್ಲರಿಗೂ ಕೇಳುವಂತೆ, "ಇವ್ಳು ನನ್ ವೊಟ್ಟೇಲಿ ಬಂದೋಳೇನಾ?" ಎನ್ನುತ್ತಿದ್ದಳು.

ನಾನು ಆಗ ಭಾನುವಾರ ಶಾಲೆಯಲ್ಲಿ ಚೆನ್ನಾಗಿ ಓದುವ ಹುಡುಗಿ. ಬೈಬಲ್ಲಿನ ವಾಕ್ಯ ಬಾಯಿಪಾಠ ಮಾಡಿದರೆ ಗೋಡೆಯ ಹಾಳೆಯಲ್ಲಿ ಹೆಸರಿನ ಮುಂದೆ ಒಂದು ಬಣ್ಣದ ನಕ್ಷತ್ರ ಅಂಟಿಸುತ್ತಿದ್ದರು. ನನ್ನ ಹೆಸರಿನ ಮುಂದೆ ಜಾಗ ಇರಲಿಲ್ಲ. ನಕ್ಷತ್ರಗಳನ್ನು ನೋಡಿ ದೇವರು ಅಪ್ಪನ ಕಾಲನ್ನು ಬೇಗ ಸರಿಮಾಡುತ್ತಾನೆ ಎಂದು ನಂಬಿದ್ದೆ. ದಿನಗಳು ಹೋಗುತ್ತಿದ್ದವು, ಪಟ್ಟಿ ಹಾಗೇ ಇತ್ತು. ನಾನು ಎಲ್ಲೋ ತಪ್ಪಿದ್ದೇನೆ ಎಂದುಕೊಂಡು ಇನ್ನೂ ಉದ್ದದ ವಾಕ್ಯಗಳನ್ನು ಕಲಿತೆ. ಅಂಗಳದಲ್ಲಿ ಅಕ್ಕಿ ಕಾಯುತ್ತ ಅಮ್ಮನನ್ನು ಕೇಳಿದೆ, ಇಷ್ಟು ಕೊಟ್ಟಿದ್ದೀವಲ್ಲ, ದೇವರು ಯಾಕೆ ಸುಮ್ಮನಿದ್ದಾನೆ ಎಂದು. ಹಾಗೆಲ್ಲ ಲೆಕ್ಕ ಹಾಕಬಾರದು ಎಂದಳು ಅಮ್ಮ. ಲೆಕ್ಕ ಹಾಕುವುದನ್ನು ನಾನು ಅವಳಿಂದಲೇ ಕಲಿತಿದ್ದೆ. ನಾನು ದೇವರಿಂದ ಬರಬೇಕಾದದ್ದನ್ನು ಎಣಿಸುತ್ತಿದ್ದೆ. ಅವಳು ತನ್ನ ಕಡೆ ಏನೂ ಉಳಿದಿರಬಾರದೆಂದು ಎಣಿಸುತ್ತಿದ್ದಳು. ಇಬ್ಬರಿಗೂ ಆ ಲೆಕ್ಕದಲ್ಲಿ ಸುಸ್ತಾಗಿತ್ತು. ಒಂಬತ್ತು ವರ್ಷದ ಹುಡುಗಿಗೂ ಸುಸ್ತಾಗುತ್ತದೆ.

ಆ ವಾರದಲ್ಲೇ ಒಂದು ಮಧ್ಯಾಹ್ನ ಸ್ಟೆಲ್ಲಾ ಆಂಟಿ ಬಂದರು. ಹಿಡಿ ಅಕ್ಕಿಯ ಮೂಟೆ ಅವರ ಉಸ್ತುವಾರಿಯಲ್ಲಿತ್ತು. ಮನೆಯಲ್ಲಿ ತಮಿಳು, ನಮ್ಮೊಂದಿಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಕೈಯಲ್ಲಿ ತುಂಬಿದ ಒಂದು ಬಟ್ಟೆ ಚೀಲ. ಅಮ್ಮ ಬಾಗಿಲನ್ನು ಅರ್ಧ ತೆರೆದು, ಆ ಅರ್ಧದಲ್ಲಿ ತಾನೇ ನಿಂತಳು.

"ಸ್ತೋತ್ರಂ ಮಾರ್ತಮ್ಮಾ. ಬಾಗಿಲು ಪೂರಾ ತೆಗೀಮ್ಮಾ, ಕೈ ನೋಯುತ್ತೆ."

"ಸ್ತೋತ್ರ ಅಕ್ಕಾ. ಇದೇನು?"

"ಏನಂದ್ರೆ? ಅಕ್ಕಿ. ಎಲ್ಲರೂ ಸೇರಿ ಮಾತಾಡಿ ಕಳಿಸಿದ್ದು. ನಿಮ್ಮ ಮನೆಯವರು ಎದ್ದು ಓಡಾಡೋ ತನಕ."

"ನಮ್ಗೆ ಬ್ಯಾಡಕ್ಕಾ. ಊರಿಂದ ಅಕ್ಕಿ ಬಂದೈತೆ. ಕೆಳಗಿನ ಲೈನಾಗೆ ನಿಜವಾಗಿ ಕಷ್ಟದಾಗಿರೋರು ಅವ್ರೆ, ಅವ್ರಿಗೆ ಕೊಡಿ."

ಒಳಗಿನಿಂದ ಅವ್ವನ ದನಿ ಬಂತು. "ಯಾವೂರಿಂದ ಬಂತೇ ನಾಗಿ? ನಮ್ಮೂರಿಂದ ಬಂದೋಳು ನಾನೊಬ್ಳೇ!"

ಸ್ಟೆಲ್ಲಾ ಆಂಟಿ ಅಮ್ಮನ ಭುಜದ ಮೇಲಿಂದ ಒಳಗೆ ನೋಡಿದರು. ಅಮ್ಮ ಬಾಗಿಲನ್ನು ಇನ್ನಷ್ಟು ಎಳೆದುಕೊಂಡಳು. "ಸರಿಮ್ಮಾ, ಅಕ್ಕಿ ಎಲ್ಲಿಗೂ ಹೋಗಲ್ಲ," ಎಂದು ಹೇಳಿ ಆಂಟಿ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಹೊರಟರು. ಬಿಸಿಲಿನಲ್ಲಿ ಅವರ ನಡಿಗೆ ನಿಧಾನವಾಗಿತ್ತು. ನನ್ನ ಬಾಯಲ್ಲಿ ನೀರೂರಿ ನುಂಗಿಕೊಂಡದ್ದು ನೆನಪಿದೆ.

ಅಂದು ಅಪ್ಪ ಅಮ್ಮನನ್ನು ಮಂಚದ ಹತ್ತಿರ ಕರೆದ. ಅವನು ಬೈಯುವ ಗಂಡಸಲ್ಲ. ಮಲಗಿ ಮಲಗಿ ದನಿಯೂ ಸಣ್ಣಗಾಗಿತ್ತು.

"ಮಾರ್ತಾ, ಗಣಿಯೊಳಗೆ ನಮ್ಮನ್ನ ಕೇಜಲ್ಲಿ ತುಂಬಿ ಇಳಿಸ್ತಾ ಇದ್ರಲ್ಲ, ಮೇಲೆ ಕೂತು ಹಗ್ಗ ಬಿಡ್ತಾ ಇದ್ದೋನ ಮುಖ ನಾನು ಒಂದಿನಾನೂ ನೋಡಿಲ್ಲ. ಆದ್ರೂ ದಿನಾ ಇಳಿದೆ. ದಿನಾ ಎತ್ತಿದ."

"ಅದಕ್ಕೂ ಇದಕ್ಕೂ ಏನು?"

"ಏನೂ ಇಲ್ಲ. ಕೇಜಲ್ಲಿ ನಿಂತೋನು ಹಗ್ಗ ನಾನೇ ಎಳ್ಕೋತೀನಿ ಅಂದ್ರೆ ಆಗ್ತಿತ್ತಾ ಅಂತ."

ಅಮ್ಮ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆಯಲು ಹೆಚ್ಚು ಪಾತ್ರೆಗಳಿರಲಿಲ್ಲ. ತೊಳೆದದ್ದನ್ನೇ ಮತ್ತೆ ತೊಳೆದಳು.

ಭಾನುವಾರ ಬಂತು. ಅಮ್ಮ ಬಿಳಿ ಸೀರೆ ಉಟ್ಟು, ಮುಗ್ಗಲು ಅಕ್ಕಿಯ ಡಬ್ಬವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ನಾನು ಹಿಂದೆ. ನಮ್ಮ ಹಿಂದೆ, ಸ್ಯಾಮಿಯನ್ನು ಅಪ್ಪನ ಪಕ್ಕ ಮಲಗಿಸಿ, ಅವ್ವ. ಅವಳು ಚರ್ಚಿಗೆ ಎಂದೂ ಬಂದವಳಲ್ಲ. ಅಮ್ಮ ತಿರುಗಿ ನೋಡಿದರೆ, "ದಾರಿ ನಿಮ್ಮಪ್ಪಂದಾ? ನಾನೂ ಗಾಳಿ ಕುಡಿಯಾಕೆ ಬಂದಿವ್ನಿ" ಎಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಹೆಂಗಸರ ಕಡೆ ಚಾಪೆಯ ತುದಿಯಲ್ಲಿ ಕುಳಿತಳು. ಎಲ್ಲರೂ ನಿಂತಾಗ ನಿಂತಳು, ಕುಳಿತಾಗ ಕುಳಿತಳು. ಉಪದೇಶದ ಪ್ರಸಂಗ ಉದ್ದವಾದಾಗ ಎಲೆಯಡಿಕೆ ಚೀಲಕ್ಕೆ ಕೈ ಹಾಕಿ, ನನ್ನ ಮುಖ ನೋಡಿ ಕೈ ತೆಗೆದಳು.

ಆರಾಧನೆ ಮುಗಿದ ಮೇಲೆ ಹೆಂಗಸರು ಹಿಂದಿನ ಕೋಣೆಗೆ ಹೋದರು. ಒಬ್ಬೊಬ್ಬರಾಗಿ ಡಬ್ಬ ಬಗ್ಗಿಸಿದರು. ಅಮ್ಮನೂ ಬಗ್ಗಿಸಿದಳು. ಅವಳು ಡಬ್ಬದ ತಳ ತಟ್ಟಿ ಪಕ್ಕಕ್ಕೆ ಸರಿಯುವಷ್ಟರಲ್ಲಿ ಅವ್ವ ಮುಂದೆ ಬಂದು ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮೂಟೆಯ ಮುಂದೆ ಒಡ್ಡಿ ನಿಂತಳು.

"ನಂಗೊಂಚೂರು ಅಕ್ಕಿ ಕೊಡ್ರಮ್ಮಾ."

ಅಮ್ಮ ಗೋಡೆಗೆ ಒರಗಿದಳು. ಬಾಗಿಲಲ್ಲಿ ನಿಂತಿದ್ದ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಹಣೆಯ ಕುಂಕುಮ ನೋಡಿ ಮೆತ್ತಗೆ ಕೇಳಿದರು, "ತಾವು ಯಾರಮ್ಮಾ?"

"ನಾನು ನಿಮ್ಮೋಳಲ್ಲಪ್ಪಾ. ನಿಮ್ಮೋಳ ಅವ್ವ. ನನ್ ಮಗ್ಳು ಕೊಡ್ತಾಳೆ, ಕೇಳಲ್ಲ. ನಾನು ನಿಮ್ ದೇವ್ರಿಗೆ ಒಂದು ಕಾಳೂ ಕೊಟ್ಟೋಳಲ್ಲ. ಕೊಡ್ದಿರೋರ್ಗೂ ಕೊಡ್ತಾನಾ, ಇಲ್ಲಾ ಕೊಟ್ಟೋರ್ಗೇನಾ? ಅದನ್ನ ಮೊದ್ಲು ಯೋಳಿ. ಕೊಟ್ಟೋರ್ಗೇ ಅಂದ್ರೆ ಸೆರಗು ಕಟ್ಕೊಂಡು ಓಗ್ತೀನಿ."

ಅಯ್ಯನವರು ಏನೋ ಹೇಳಲು ಬಾಯಿ ತೆರೆದರು. ಸ್ಟೆಲ್ಲಾ ಆಂಟಿ ಅವರಿಗೆ ಕಾಯಲಿಲ್ಲ. ಮೂಟೆಗೆ ಮೊರ ಹಾಕಿ ಅವ್ವನ ಸೆರಗಿಗೆ ಸುರಿದರು. ಇನ್ನೊಂದು ಮೊರ ಸುರಿದರು. ಮೂರನೆಯದಕ್ಕೆ ಅವ್ವನೇ, "ಸಾಕಮ್ಮೇ, ಸೀರೆ ಅರ್ದೋಗ್ತದೆ" ಎಂದಳು. ತಿರುಗಿ ನೋಡಿದರೆ ಅಮ್ಮ ಅಲ್ಲಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನಾನು ಸೆರಗಿನ ಒಂದು ತುದಿ ಹಿಡಿದಿದ್ದೆ. ಅವ್ವನಿಗೆ ಉಬ್ಬಸ. ನೆರಳು ಸಿಕ್ಕಲ್ಲೆಲ್ಲ ನಿಂತಳು. ಮನೆಯಲ್ಲಿ ಅಮ್ಮ ಅಡುಗೆಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಚರ್ಚಿನ ಸೀರೆಯನ್ನು ಬದಲಿಸಿರಲಿಲ್ಲ.

"ಎದ್ದೇಳೇ ನಾಗಿ. ಮಡ್ಲು ಒಡ್ಡು."

ನಮ್ಮ ಕಡೆ ಮಗಳು ತವರಿನಿಂದ ಗಂಡನ ಮನೆಗೆ ಹೊರಡುವಾಗ ತಾಯಿ ಅವಳ ಸೆರಗಿಗೆ ಅಕ್ಕಿ ತುಂಬಿ ಕಳಿಸುತ್ತಾಳೆ. ಮಡಿಲಕ್ಕಿ. ಅದಿಲ್ಲದೆ ಹೊರಟವಳಿಗೆ ತವರಿಲ್ಲ ಎಂದೇ ಅರ್ಥ. ಅಮ್ಮ ಮದುವೆಯಾಗಿ ಬಂದಾಗ ಯಾರೂ ಅವಳ ಮಡಿಲು ತುಂಬಿರಲಿಲ್ಲ. ಅವಳ ಅಣ್ಣ ಬಿಟ್ಟಿರಲಿಲ್ಲ. ಅದು ನನಗೆ ಅಂದೇ ಗೊತ್ತಾದದ್ದು.

"ನನ್ ಮಾನ ಕಳ್ದೆಯಲ್ಲವ್ವಾ," ಎಂದಳು ಅಮ್ಮ, ತಿರುಗದೆ. "ನಾಳೆ ನಿನ್ ಮಗ ಏನಂತಾನೆ? ಅಕ್ಕಿಗೇಂತ ಕುಲ ಬಿಟ್ಟೋಳು ಕೊನೇಗೆ ಅಕ್ಕೀನೇ ತಿಂದ್ಲು ಅಂತಾನೆ."

"ಅನ್ಲಿ. ಅವ್ನ ಬಾಯಿಗೆ ಬೀಗ ಆಕಾಕೆ ನಿನ್ ಮಕ್ಳ ವೊಟ್ಟೇಗೆ ಬೀಗ ಆಕ್ತೀಯಾ?"

"ಇದು ನಿನ್ನಕ್ಕಿಯಲ್ಲ. ಮಡ್ಲಿಗೆ ಆಕಾಕೆ ಇದು ತವರಿಂದಲ್ಲ. ಚರ್ಚಿಂದು."

ಅವ್ವ ಬಾಗಿಲಿನ ಚೌಕಟ್ಟಿಗೆ ಒರಗಿದಳು. "ದಿನಾ ಚಾಪೆ ಆಸ್ಕೊಂಡು ಕೂತ್ಕೋತೀರಲ್ಲ, ಏನಂತ ಕರೀತೀಯೇ ಅವ್ನ?"

ವಾಕ್ಯ ಕಲಿತ ನಾನೇ ಹೇಳಿದೆ, "ತಂದೆ ಅಂತ ಅವ್ವಾ."

"ಕೇಳ್ದಾ? ಅಪ್ಪನ ಮನೇಗೆ ಏನಂತಾರೆ ನಾಗಿ? ತವರು ಅನ್ನಲ್ವಾ? ನಾನು ಕೊಡಾಕಾಗ್ಲಿಲ್ಲ, ಅವ್ನು ಕೊಟ್ಟವ್ನೆ. ತವರಕ್ಕಿ ಬ್ಯಾಡ ಅಂದೋಳ್ನ ನಾನು ಇವತ್ತೇ ಕಂಡಿದ್ದು. ಎದ್ದೇಳು, ಕೈ ಸೋತೈತೆ ನಂಗೆ."

ಅಷ್ಟು ಹೊತ್ತೂ ಅಳುತ್ತಿದ್ದ ಸ್ಯಾಮಿ ಮುಂದಿನ ಕೋಣೆಯಲ್ಲಿ ಅಳು ನಿಲ್ಲಿಸಿದ್ದ. ಅಮ್ಮ ಗೋಡೆಗೆ ಕೈ ಊರಿ ಎದ್ದಳು. ಅವಳು ಅಳಲಿಲ್ಲ. ಹೇಗೆ ಹಿಡಿಯಬೇಕೆಂದು ಗೊತ್ತಿಲ್ಲದವಳಂತೆ ಸೆರಗನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆದುಕೊಂಡು ಕೊನೆಗೆ ಎರಡೂ ಕೈಯಲ್ಲಿ ಮುಂದೆ ಹಿಡಿದಳು. ಅವ್ವ ತನ್ನ ಸೆರಗು ಸಡಿಲಿಸಿದಳು. ಅಕ್ಕಿ ಒಂದು ಸೀರೆಯಿಂದ ಇನ್ನೊಂದಕ್ಕೆ ಸುರಿಯಿತು. ಒಂದಷ್ಟು ನೆಲಕ್ಕೆ ಬಿತ್ತು.

"ನೋಡ್ಕೊಂಡು ಆಕವ್ವಾ, ಚೆಲ್ತೈತೆ," ಎಂದಳು ಅಮ್ಮ. ಅವಳಿಂದ ಬಂದದ್ದು ಅದೊಂದೇ ಮಾತು. ನಾನು ನೆಲದ ಮೇಲೆ ಕುಳಿತು ಕಾಳು ಆಯ್ದೆ.

ಹಿಡಿ ಅಕ್ಕಿಯಿಂದ ಅನ್ನ ಮಾಡುವುದು ಎಷ್ಟು ಕಷ್ಟವೆಂದು ಅಂದು ಅಮ್ಮನಿಗೆ ತಿಳಿಯಿತು. ಇಷ್ಟು ವರ್ಷ ಕೊಟ್ಟಿದ್ದಳೇ ಹೊರತು ಬೇಯಿಸಿರಲಿಲ್ಲ. ಅದರಲ್ಲಿ ಹತ್ತು ಮನೆಯ ಅಕ್ಕಿ ಇತ್ತು. ರೇಷನ್ನಿನ ದಪ್ಪ ಅಕ್ಕಿ, ಯಾರೋ ಅನುಕೂಲಸ್ಥರ ಸಣ್ಣಕ್ಕಿ, ತಮಿಳರ ಮನೆಯ ಕುಸುಬಲಕ್ಕಿ, ನುಚ್ಚು, ನಮ್ಮದೇ ಮುಗ್ಗಲು ಅಕ್ಕಿ. ನುಚ್ಚು ಗಂಜಿಯಾದರೂ ಕುಸುಬಲಕ್ಕಿ ಕಲ್ಲಿನಂತೆ ಕುಳಿತಿತ್ತು. ನೀರು ಹಾಕಿದಳು, ಮತ್ತೆ ಬೇಯಿಸಿದಳು. ಮೇಲೆ ಮುದ್ದೆ, ನಡುವೆ ಅನ್ನ, ತಳದಲ್ಲಿ ಸೀದದ್ದು. ಹುಣಸೆಹಣ್ಣಿನ ಸಾರು. ಸ್ಯಾಮಿ ಎರಡು ತುತ್ತು ನುಂಗಿ ಮೂರನೆಯದನ್ನು ಉಗಿದ.

"ಇದು ಬೆಂದಿಲ್ಲ."

"ಬೆಂದಿರೋದನ್ನ ನುಂಗು, ಬೇಯದ್ದನ್ನ ಅಗಿ," ಎಂದ ಅಪ್ಪ, ಮಲಗಿದಲ್ಲೇ ತಟ್ಟೆ ಎದೆಯ ಮೇಲಿಟ್ಟುಕೊಂಡು. "ಹಲ್ಲಿರೋದು ಯಾಕೆ?"

ಅವ್ವ ಬೆರಳು ನೆಕ್ಕಿದಳು. "ಈ ಅನ್ನ ನಿಮ್ ಚರ್ಚಿನಂಗೇ ಐತೆ ಕಣಪ್ಪಾ. ಒಬ್ರು ಕರಗೋಗವ್ರೆ, ಒಬ್ರು ಬಗ್ಗಂಗಿಲ್ಲ." ಅಮ್ಮ ಕೊನೆಯಲ್ಲಿ, ತಳದ ಸೀದದ್ದನ್ನು ಕೆರೆದುಕೊಂಡು ಕುಳಿತಳು. ತಿಂದು ಮುಗಿಸಿ ಅಲ್ಲೇ, ತಟ್ಟೆಯ ಪಕ್ಕದಲ್ಲೇ, ಎಂಜಲು ಕೈ ಒಣಗಿಸಿಕೊಂಡು ಮಲಗಿ ನಿದ್ದೆ ಹೋದಳು. ಹಗಲು ಅಮ್ಮ ಮಲಗಿದ್ದನ್ನು ನಾನು ಮೊದಲು ನೋಡಿದ್ದು ಅಂದು. ಗಾಳಿ ಎದ್ದು ಗುಡ್ಡದ ಪುಡಿ ಒಳಗೆ ಬಂತು. ಯಾರೂ ಒರೆಸಲಿಲ್ಲ.

ಅಲ್ಲಿಂದಾಚೆ ಏನೂ ಪವಾಡ ಆಗಲಿಲ್ಲ. ಅಪ್ಪನ ಕಾಲು ವೈದ್ಯರು ಹೇಳಿದ್ದಕ್ಕಿಂತ ತಡವಾಗಿ ಕೂಡಿತು, ಸ್ವಲ್ಪ ಗಿಡ್ಡವಾಗಿ ಕೂಡಿತು. ಸೋದರಮಾವ ಹೇಗೋ ಸುದ್ದಿ ತಿಳಿದು, ಅಮ್ಮ ಹೆದರಿದ್ದ ಮಾತನ್ನೇ ಆಡಿದನಂತೆ. ನಾನು ನಕ್ಷತ್ರಕ್ಕಾಗಿ ವಾಕ್ಯ ಕಲಿಯುವುದನ್ನು ಬಿಡಲಿಲ್ಲ, ಆದರೆ ಅದನ್ನು ಅಪ್ಪನ ಕಾಲಿಗೆ ಕಟ್ಟುವುದನ್ನು ಬಿಟ್ಟೆ. ದೊಡ್ಡವಳಾದ ಮೇಲೆ ನಂಬಿಕೆಯ ಬಗ್ಗೆ ಬಹಳ ಪ್ರಸಂಗ ಕೇಳಿದ್ದೇನೆ. ಬೆಟ್ಟದಂಥ ನಂಬಿಕೆ ನನಗೆ ಬರಲಿಲ್ಲ. ರೈಲಿನಲ್ಲಿ ಅರ್ಧ ಪ್ರಾರ್ಥನೆಗೆ ನಿದ್ದೆ ಹೋಗುವವಳನ್ನೂ ದೇವರು ಮಗಳೆಂದೇ ಎಣಿಸುತ್ತಾನೆ, ಉಳಿದರ್ಧಕ್ಕೆ ಎಬ್ಬಿಸಿ ಕೇಳುವುದಿಲ್ಲ. ನನಗಿರುವ ನಂಬಿಕೆ ಇಷ್ಟೇ. ಇದು ಸಾಕಾಗದ ದಿನಗಳೂ ಇವೆ. ಆ ಎರಡು ಜಡೆಯ ಹುಡುಗಿಗೆ, ಇದು ನನಗೆ ಗೊತ್ತಾದದ್ದು ಅವ್ವ ಸೆರಗೊಡ್ಡಿದ ಭಾನುವಾರ ಎಂದು ಹೇಳಬಹುದಿತ್ತು. ಆದರೆ ಆ ದಿನ ಅಮ್ಮನನ್ನು ಎಬ್ಬಿಸಿ ನಿಲ್ಲಿಸಿದ್ದು ಅವ್ವ. ಅಮ್ಮ ತಾನಾಗಿ ನಡೆದದ್ದು ಅದಾದ ಕೆಲವು ದಿನಗಳ ಮೇಲೆ.

ಅವ್ವ ಊರಿಗೆ ಹಿಂದಿರುಗಿದ್ದಳು. ಅಪ್ಪನ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಅಮ್ಮ ಬೆಳಿಗ್ಗೆಯಿಂದ ಖಾಲಿ ಬಟ್ಟೆ ಚೀಲವನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದಳು. ಕೊನೆಗೆ ನನ್ನ ಕೈ ಹಿಡಿದುಕೊಂಡು ಹೊರಟಳು. ಸ್ಟೆಲ್ಲಾ ಆಂಟಿ ಬಾಗಿಲ ಮುಂದೆ ಕುಳಿತು ಮೀನು ಶುಚಿಮಾಡುತ್ತಿದ್ದರು. ಅಮ್ಮ ಮೆಟ್ಟಿಲ ಕೆಳಗೆ ನಿಂತಳು.

"ಸ್ಟೆಲ್ಲಕ್ಕಾ, ಅಕ್ಕಿ ಮುಗೀತು."

ಆಂಟಿ ತಲೆ ಎತ್ತಿದರು. "ಅದಕ್ಕೆ ಯಾಕಮ್ಮಾ ಮುಖ ಹಂಗೆ? ತಿಂದ್ರೆ ಮುಗಿಯುತ್ತೆ. ಮುಗೀದೆ ಇರೋಕೆ ಅದೇನು ಕಲ್ಲಾ?" ಕೈ ತೊಳೆದು ಬೀಗದ ಕೈ ತಂದು ನಮ್ಮೊಡನೆ ಚರ್ಚಿನ ಹಿಂದಿನ ಕೋಣೆಗೆ ಬಂದರು. ಮೊರದಲ್ಲಿ ತೆಗೆದು ಚೀಲಕ್ಕೆ ಸುರಿದರು. ಸಾಕೇ ಎಂಬಂತೆ ಅಮ್ಮನನ್ನು ನೋಡಿದರು.

ಅಮ್ಮ ಚೀಲದ ಬಾಯಿಯನ್ನು ಇನ್ನಷ್ಟು ಅಗಲಿಸಿದಳು. "ಇನ್ನೊಂಚೂರು ಆಕಿ ಅಕ್ಕಾ. ಮಕ್ಳು ಬೆಳೀತಾ ಅವ್ರೆ."

ಚರ್ಚಿನಿಂದ ನಮ್ಮ ಮನೆಗೆ ಎರಡು ದಾರಿ. ಒಂದು ಗುಡ್ಡದ ಹಿಂದಿನಿಂದ, ಅಲ್ಲಿ ಯಾರೂ ಇರುವುದಿಲ್ಲ. ಇನ್ನೊಂದು ನಲ್ಲಿಯ ಮುಂದಿನಿಂದ. ಅಮ್ಮ ಚೀಲವನ್ನು ಸೊಂಟಕ್ಕೆ ಏರಿಸಿಕೊಂಡು ಒಂದು ಕ್ಷಣ ನಿಂತು, ನಲ್ಲಿಯ ದಾರಿಗೆ ತಿರುಗಿದಳು. ನೀರು ಬರುವ ಹೊತ್ತು. ಕೊಡಗಳ ಸಾಲು, ಲೈನಿನ ಹೆಂಗಸರೆಲ್ಲ ಅಲ್ಲೇ ಇದ್ದರು.

"ಏನ್ ಮಾರ್ತಮ್ಮಾ, ಏನು ಚೀಲದಾಗೆ?" ಎಂದು ಒಬ್ಬಾಕೆ ಕೇಳಿದಳು.

"ಅಕ್ಕಿ. ಚರ್ಚಾಗೆ ಕೊಟ್ರು." ಅಮ್ಮ ಚೀಲವನ್ನು ನಲ್ಲಿಯ ಕಟ್ಟೆಯ ಮೇಲೆ ಇಳಿಸಿ ಬೆವರು ಒರೆಸಿಕೊಂಡಳು. "ಸುಸ್ತಾಗೈತೆ ಕಣಮ್ಮಾ. ಒಂಚೂರು ನೀರು ಬಿಡು."

ಆಕೆ ತನ್ನ ಕೊಡ ಸರಿಸಿದಳು. ಅಮ್ಮ ಬಗ್ಗಿ, ನಲ್ಲಿಯ ಕೆಳಗೆ ಎರಡೂ ಕೈ ಬೊಗಸೆ ಮಾಡಿ ಹಿಡಿದು, ಸಾಲಿನಲ್ಲಿದ್ದವರೆಲ್ಲ ಕಾಯುತ್ತಿದ್ದರೂ ಅವಸರವಿಲ್ಲದೆ, ಬಾಯಾರಿಕೆ ತೀರುವವರೆಗೆ ಕುಡಿದಳು.